ಓದಿದ ಮೇಲೆ ಸಹಿ

ಹೊಸಬೈಲಿನ ತ್ರ್ಯಂಬಕ ಹೆಗಡೆಯವರ ಮನೆಯಲ್ಲಿ ಆ ಭಾನುವಾರ ಮಧ್ಯಾಹ್ನ ಬಾಳೆ ಹಾಕುವಾಗ ಎಲ್ಲವೂ ಸರಿಯಾಗಿಯೇ ಇತ್ತು. ಮಜ್ಜಿಗೆ ಬರುವ ಹೊತ್ತಿಗೆ ಇರಲಿಲ್ಲ.

ಒಳಗೆ ಹೆಗಡೆಯವರೂ ಮಗ ನಾಗಪತಿಯೂ ಊಟಕ್ಕೆ ಕೂತಿದ್ದರು. ಜಗುಲಿಯ ಮೂಲೆಯಲ್ಲಿ, ಒಳಗಿನವರ ಕಣ್ಣಿಗೆ ಬೀಳುವಂತೆ ಆದರೆ ಅವರ ಪಂಕ್ತಿಗೆ ಸೇರದಂತೆ, ವಿನಿಫ್ರೆಡ್ ಪ್ರೈಸ್ ತನ್ನ ಬಾಳೆಯ ಮುಂದೆ ಕೂತಿದ್ದಳು. ವೇಲ್ಸ್ ದೇಶದ ಈ ಮೂವತ್ತಾರರ ಹೆಂಗಸು ಊರಿನ ಹೊಸ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದು ಎರಡು ವರ್ಷವಾಗಿತ್ತು. ಹೆಗಡೆಯವರು ಹೈಸ್ಕೂಲು ಕಮಿಟಿಯ ಅಧ್ಯಕ್ಷರು. ಹಳದೀಪುರದಿಂದ ಒಂದೂವರೆ ಮೈಲಿ ಒಳಗಿನ ಈ ಊರಿನಲ್ಲಿ ಬಿಳಿ ಅಕ್ಕೋರಿಗೆ ಯಾರೂ ಜಾಗ ಕೊಡದಿದ್ದಾಗ ತಮ್ಮ ಜಗುಲಿಯ ಕೋಣೆ ಬಿಟ್ಟುಕೊಟ್ಟವರು ಅವರೇ. ಉಂಡ ಬಾಳೆಯನ್ನು ತಾನೇ ಎತ್ತಬೇಕು, ಕೂತ ಜಾಗಕ್ಕೆ ತಾನೇ ಸೆಗಣಿ ಬಳಿಯಬೇಕು ಎಂಬ ಮಾತಿಗೆ ವಿನಿಫ್ರೆಡ್ ಮೊದಲ ದಿನವೇ ಒಪ್ಪಿದ್ದಳು. ಆಗ ಅವಳು ಬಳಿದದ್ದು ಗೆರೆಗೆರೆಯಾಗಿ ಒಣಗುತ್ತಿತ್ತು. ಈಗ ಸೊಸೆ ಶ್ರೀಮತಿಗಿಂತ ಚೊಕ್ಕ ಬಳಿಯುತ್ತಾಳೆಂದು ಮನೆಯೊಡತಿ ಮಹಾಲಕ್ಷ್ಮಕ್ಕನೇ ಹೇಳಿದ್ದಳು.

ವಿನಿಫ್ರೆಡ್‌ಳ ಕನ್ನಡವೂ ಮಹಾಲಕ್ಷ್ಮಕ್ಕನದೇ. ಒಬ್ಬಳು ಒಳಗೆ ಕಾಯಿ ತುರಿಯುತ್ತ, ಇನ್ನೊಬ್ಬಳು ಹೊರಗೆ ಬಾಗಿಲಿಗೆ ಒರಗಿ ಕೂತು ಕಲಿತ ಮಾತು ಅದು. ಶಾಲೆಯ ಮಾಸ್ತರರು ಪುಸ್ತಕದ ಕನ್ನಡ ಆಡಿದರೆ ಅವಳು ಹವ್ಯಕರ ಅಡುಗೆಮನೆಯ ಕನ್ನಡದಲ್ಲಿ ಉತ್ತರಿಸುತ್ತಿದ್ದಳು. ಧಾರವಾಡದ ಕಡೆಯ ಇನ್‌ಸ್ಪೆಕ್ಟರರು ಬಂದು ಹಾಜರಿ ಯಾಕೆ ಕಡಿಮೆ ಎಂದು ಕೇಳಿದಾಗ, "ಗದ್ದೆ ಕೊಯ್ಲು ಇದ್ದು, ಮಕ್ಕ ಬತ್ತಿಲ್ಲೆ" ಎಂದಿದ್ದಳು. ಇನ್‌ಸ್ಪೆಕ್ಟರರು ಚಹದ ಬಟ್ಟಲು ಕೆಳಗಿಟ್ಟು ನಕ್ಕಿದ್ದರು. ಊರಿಗೆ ಅವಳು ಪ್ರಾಯಿಸ್ ಅಕ್ಕೋರು. ವಿನ್ನಿ ಎಂಬ ಮನೆಯ ಹೆಸರು ಮಹಾಲಕ್ಷ್ಮಕ್ಕನ ಬಾಯಲ್ಲಿ ವೇಣಿ ಆಗಿತ್ತು.

ಹೆಗಡೆಯವರು ತಂಬುಳಿ ಕಲಸುತ್ತ, ಬಡಿಸುತ್ತಿದ್ದ ಹೆಂಡತಿಗೆ ಹೇಳಿದರು: "ಕಾಯ್ಕಿಣಿ ತೋಟದ ಕಾಗದ ತಯಾರಾತು. ಊಟ ಮುಗಿಸಿಕೊಂಡು ಒಂದು ಸಹಿ ಹಾಕು."

ಕಾಯ್ಕಿಣಿಯ ತೆಂಗಿನ ತೋಟ ಮಹಾಲಕ್ಷ್ಮಕ್ಕನದು, ಅಪ್ಪ ಅವಳ ಹೆಸರಿಗೆ ಬರೆದು ಹೋದದ್ದು. ನಾಗಪತಿಗೆ ಕುಮಟೆಯ ಕಚೇರಿಯ ಗುಮಾಸ್ತಿಕೆ ಸಾಕಾಗಿ ಅಲ್ಲೇ ಒಂದು ಅಕ್ಕಿ ಗಿರಣಿ ಹಾಕುವ ಹಂಬಲ ಹತ್ತಿತ್ತು. ಕಾಯ್ಕಿಣಿಯ ಎರಡು ತುಂಡುಗಳಲ್ಲಿ ಕೆಳಗಿನ ತೋಟವನ್ನಷ್ಟೇ ಮಾರಿಕೊಳ್ಳಲಿ ಎಂದು ತಾಯಿ ಒಪ್ಪಿದ್ದಳು. ಮಾರುವ ಅಧಿಕಾರ ಮಗನಿಗೆ ಕೊಡುವ ಮುಖತ್ಯಾರ ಪತ್ರವನ್ನು ಕುಮಟೆಯ ವಕೀಲರೊಬ್ಬರು ಟೈಪು ಮಾಡಿಸಿ ಕೊಟ್ಟಿದ್ದರು.

ಮಹಾಲಕ್ಷ್ಮಕ್ಕ ಕೈಯೊರೆಸಿಕೊಂಡು ಕಾಗದ ಬಿಡಿಸಿದಳು. "ಇದು ಇಂಗ್ಲಿಷು."

"ವಕೀಲರ ಹತ್ರ ಇಂಗ್ಲಿಷ್ ಮಷಿನು ಒಂದೇ ಇದ್ದು" ಎಂದರು ಹೆಗಡೆಯವರು.

"ಎಂತ ಬರೆದಿದ್ದು ಇದ್ರಲ್ಲಿ?"

"ಮೊದ್ಲೇ ಹೇಳಿದ್ದಲ್ದಾ? ಹಿಂದೆ ಮೂರು ಸಲ ನೀ ಸಹಿ ಹಾಕಿದ್ದೆ, ಆಗೆಲ್ಲ ಕೇಳಿದ್ದಿಲ್ಲೆ."

"ಹಾಕಿದ್ದೆ. ಮೂರು ಸಲ ಹಾಕಿದ್ದೆ. ಅದ್ರಲ್ಲಿ ಎಂತ ಇತ್ತು ಹೇಳಿ ಇವತ್ತಿಗೂ ಯಂಗೆ ಗೊತ್ತಿಲ್ಲೆ."

ನಾಗಪತಿ ತಲೆಯೆತ್ತಿದ. "ಬೇಕಾದ್ರೆ ಕನ್ನಡದಲ್ಲಿ ಬರೆದು ಕೊಡ್ತೆ ಆಯಿ."

"ಕನ್ನಡದಲ್ಲಿ ನೀ ಎಂತ ಬೇಕಾದ್ರೂ ಬರಿ ಮಾಣಿ. ಸಹಿ ಬೀಳೂದು ಇಂಗ್ಲಿಷಿನ ಮೇಲೆ."

ಹೆಗಡೆಯವರು ಜಗುಲಿಯತ್ತ ತಿರುಗಿದರು. ಅವಳೊಡನೆ ಅವರು ಯಾವಾಗಲೂ ಪುಸ್ತಕದ ಕನ್ನಡವನ್ನೇ ಆಡುವವರು. "ಅಕ್ಕೋರೆ, ನಿಮ್ಮ ಮೇಲೆ ಇವಳಿಗೆ ನಂಬಿಕೆ ಇದೆ. ಓದಿ, ಸರಿಯಾಗಿದೆ ಎಂದು ಒಂದು ಮಾತು ಹೇಳಿಬಿಡಿ."

ವಿನಿಫ್ರೆಡ್ ಕೈ ತೊಳೆದು ಬಂದು ಕಾಗದ ಓದಿದಳು. ಎರಡನೇ ಹಾಳೆಗೆ ಬಂದಾಗ ಅವಳ ಕಣ್ಣು ಅಲ್ಲೇ ನಿಂತಿತು. ಕೆಳಗಿನ ತೋಟ ಇತ್ತು, ಮೇಲಿನ ತೋಟವೂ ಇತ್ತು, ತೋಟದೊಳಗಿನ ಮನೆಯೂ ಇತ್ತು. ಆ ಮನೆಯಲ್ಲಿ ವನಮಾಲಾ ಚಿಕ್ಕಿ ಇದ್ದಾಳೆ. ತಾಯಿಯಿಲ್ಲದ ಮಹಾಲಕ್ಷ್ಮಕ್ಕನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಅವಳು. ಈಗಲೂ ನಾಲ್ಕು ಮನೆಯ ಹೆಂಗಸರನ್ನು ಕೂರಿಸಿಕೊಂಡು ಹಪ್ಪಳ ಲಟ್ಟಿಸುವವಳು. ವಿನಿಫ್ರೆಡ್ ತಲೆಯೆತ್ತಿ ನೋಡಿದಳು. ಹೆಗಡೆಯವರು ಅವಳ ಮುಖ ನೋಡುತ್ತಿದ್ದರು. ನಾಗಪತಿ ತನ್ನ ಬಾಳೆ ನೋಡುತ್ತಿದ್ದ.

ಅವಳು ಬಾಯಿ ತೆರೆಯುವಷ್ಟರಲ್ಲಿ ಮಹಾಲಕ್ಷ್ಮಕ್ಕ ತಡೆದಳು: "ವೇಣಿ, ನೀ ಹೇಳಡ."

"ಅಕ್ಕ..."

"ನೀ ಹೇಳಿರೆ ಅದೂ ಮತ್ತೊಬ್ಬರ ಬಾಯಿ ಮಾತೇ ಆತು. ಯಂಗೆ ಓದಲೆ ಕಲಿಸು. ನಾನೇ ಓದಿದ ಮೇಲೆ ಸಹಿ ಹಾಕ್ತೆ."

ನಾಗಪತಿ ನಕ್ಕುಬಿಟ್ಟ. "ಅದಕ್ಕೆ ನಾಲ್ಕು ವರ್ಷ ಬೇಕು ಆಯಿ. ನಾ ಮೆಟ್ರಿಕ್ಕಿಗೆ ಮೂರು ಸಲ ಕೂತದ್ದು ಇಂಗ್ಲಿಷಿಂದಲೇ."

"ನೀ ಆಟ ಆಡ್ಕೋತ ಕಲ್ತೆ. ನಾ ಹಾಂಗೆ ಕಲೀತಿಲ್ಲೆ."

ಅವಳು ಕಾಗದ ತೆಗೆದುಕೊಂಡು ಹೋಗಿ ತನ್ನ ಟ್ರಂಕಿನಲ್ಲಿಟ್ಟು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ ಬಂದು, ಇಬ್ಬರಿಗೂ ಮಜ್ಜಿಗೆ ಬಡಿಸಿದಳು. ಹೆಗಡೆಯವರು ಮಜ್ಜಿಗೆ ಮುಟ್ಟದೆ ಎದ್ದರು.

ಅದು ಸಾವಿರದ ಒಂಬೈನೂರ ಅರವತ್ತೆರಡರ ನವೆಂಬರ್. ಮಹಾಲಕ್ಷ್ಮಕ್ಕನಿಗೆ ಆಗ ನಲವತ್ತೊಂಬತ್ತು. ನಾಲ್ಕನೇ ಇಯತ್ತೆಯವರೆಗೆ ಓದಿದವಳು, ಕನ್ನಡದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಓದುವವಳು. ಇಂಗ್ಲಿಷ್ ಅಕ್ಷರ ಮಾತ್ರ ಬಸ್ಸಿನ ಮೇಲೆ ನೋಡಿದ್ದಷ್ಟೇ. ಮರುದಿನ ಬೆಳಿಗ್ಗೆಯೇ ಪಾಠ ಶುರುವಾಯಿತು. ಭತ್ತ ಒಣಗಿಸುವ ಅಂಗಳದಲ್ಲಿ ಒಂದು ಕಣ್ಣು ಭತ್ತಕ್ಕೆ ಬರುವ ನೆರೆಯ ಕೋಳಿಯ ಮೇಲೆ, ಒಂದು ಕಣ್ಣು ಬರೆಯುವ ಪಾಟಿಯ ಮೇಲೆ. ಇಪ್ಪತ್ತಾರು ಅಕ್ಷರ ಒಂಬತ್ತು ದಿನಕ್ಕೆ ಮುಗಿದವು. ವಿನಿಫ್ರೆಡ್ ಮಕ್ಕಳ ಮೊದಲ ಪುಸ್ತಕ ತಂದರೆ ಅವಳು ಅದನ್ನು ಬದಿಗೆ ಸರಿಸಿದಳು.

"ಬೆಕ್ಕು, ಹ್ಯಾಟು ಕಟ್ಗಂಡು ಯಂಗೆ ಎಂತ ಆಗವು? ಕಾಗದದ ಶಬ್ದ ಕಲಿಸು."

ಹಾಗಾಗಿ ಅವಳು ಕಲಿತ ಮೊದಲ ದೊಡ್ಡ ಶಬ್ದ 'ಹಿಯರ್‌ಬೈ', ಎಂದರೆ 'ಈ ಮೂಲಕ'. ಅದು ಅವಳಿಗೆ ಬಹಳ ಹಿಡಿಸಿತು. "ಹಿಯರ್‌ಬೈ ಊಟಕ್ಕೆ ಬನ್ನಿ" ಎಂದು ಗಂಡನನ್ನು ಕರೆದಳು. ಶ್ರೀಮತಿ ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹೆಗಡೆಯವರು ನಗಲಿಲ್ಲ.

ಕಾಗದದಲ್ಲಿದ್ದದ್ದನ್ನು ವಿನಿಫ್ರೆಡ್ ಇನ್ನೂ ಹೇಳಿರಲಿಲ್ಲ. ಬಾವಿಕಟ್ಟೆಯಲ್ಲಿ ಒಮ್ಮೆ ತಡೆಯಲಾರದೆ, "ಅಕ್ಕ, ಆ ಎರಡನೇ ಹಾಳೇಲಿ..." ಎಂದು ತೊಡಗಿದಳು.

ಮಹಾಲಕ್ಷ್ಮಕ್ಕ ಹಗ್ಗ ಬಿಡದೆ ಹೇಳಿದಳು: "ನಿನ್ನ ಮೋರೆ ನೋಡಿರೆ ಅಲ್ಲೇನೋ ಇದ್ದು ಹೇಳಿ ಅವತ್ತೇ ಗೊತ್ತಾತು. ನೀ ಹೇಳಿರೆ ಜಗಳ ನಿನ್ನ ಮೇಲೆ ತಿರುಗ್ತು, ಹೊರಗಿನವಳು ಮನೆ ಮುರಿದಳು ಹೇಳಿ ಆಗ್ತು. ನಾನೇ ಓದಿರೆ ಜಗಳ ಯನ್ನದು."

ವಿನಿಫ್ರೆಡ್ ಎರಡನೇ ಹಾಳೆಯ ಮಾತು ಬಿಟ್ಟಳು. ಬದಲಿಗೆ ಅಂದಳು: "ಯನ್ನ ಅಜ್ಜಿಗೂ ಇಂಗ್ಲಿಷ್ ಬತ್ತಿತ್ತಿಲ್ಲೆ."

ಕೊಡ ಅರ್ಧದಲ್ಲೇ ನಿಂತಿತು. "ಬಿಳಿಯವರಿಗೂ ಇಂಗ್ಲಿಷ್ ಬತ್ತಿಲ್ಲೆ?"

"ಯಂಗಳ ಊರಲ್ಲಿ ಬೇರೆ ಭಾಷೆ. ಜಮೀನ್ದಾರ ಇಂಗ್ಲಿಷ್ ಕಾಗದ ತಂದ. ಅಜ್ಜಿ ಸಹಿ ಹೇಳಿ ಗೀಟು ಎಳೆದು ಕೊಟ್ಟಳು. ಮುಂದಿನ ವರ್ಷ ಮನೆ ಬಿಟ್ಟು ಹೋದ."

"ಅಂವ ಬಿಟ್ಟು ಹೋದ್ನ?"

"ಅಲ್ಲ, ಯಂಗ ಬಿಟ್ಟು ಹೋದ್ಯ." ಮನೆ ಬಿಡಬೇಕಾಗಿ ಬಂದದ್ದು ಅವಳ ಮನೆಯವರಿಗೆ; ವಿನಿಫ್ರೆಡ್‌ಳ ಕ್ರಿಯಾಪದ ಈಗಲೂ ಒಮ್ಮೊಮ್ಮೆ ಜಾರುತ್ತಿತ್ತು.

ಮಹಾಲಕ್ಷ್ಮಕ್ಕ ಕೊಡ ಮೇಲೆಳೆದಳು. ಆ ದಿನದಿಂದ ಪಾಠ ದಿನಕ್ಕೆ ಎರಡು ಸಲವಾಯಿತು.

ಜನವರಿಗೆ ಮನೆಯ ಮಾತು ಬಿಗಿಯಾಯಿತು. ತೋಟ ಕೊಳ್ಳುವವರು ಎರಡು ಸಲ ಹೇಳಿ ಕಳಿಸಿದ್ದರು. ದೋಸೆ ತಣ್ಣಗಾಗಿದೆ, ಚಟ್ನಿಗೆ ಉಪ್ಪು ಹೆಚ್ಚಾಗಿದೆ ಎಂದು ಹೆಗಡೆಯವರು ದಿನವೂ ತಪ್ಪು ಎತ್ತುತ್ತಿದ್ದರು. ಕುಮಟೆಯ ಕಚೇರಿಯಲ್ಲಿ ಜೊತೆಯವರು "ನಿನ್ನ ತಾಯಿ ಯಾವ ಇಯತ್ತೆಗೆ ಬಂದ್ರು?" ಎಂದು ಕೇಳುತ್ತಾರೆಂದು ನಾಗಪತಿ ಬಸ್ಸಿಳಿದು ಬರುವಾಗಲೇ ಸಿಡುಕಿಕೊಂಡು ಬರುತ್ತಿದ್ದ. ಒಂದು ಸಂಜೆ ಹೆಗಡೆಯವರು ವಿನಿಫ್ರೆಡ್‌ಳನ್ನು ಜಗುಲಿಗೆ ಕರೆದರು.

"ಅಕ್ಕೋರೆ, ನಿಮ್ಮನ್ನು ಕರೆಸಿದ್ದು ಊರ ಮಕ್ಕಳಿಗೆ ಕಲಿಸಲು. ನನ್ನ ಹೆಂಡತಿಗಲ್ಲ. ನಾಳೆಯಿಂದ ಪಾಠ ನಿಲ್ಲಿಸಿ."

ವಿನಿಫ್ರೆಡ್‌ಗೆ ತನ್ನ ನೌಕರಿ ಮುಂದಿನ ವರ್ಷಕ್ಕೆ ಉಳಿಯುವುದು ಈ ಮನುಷ್ಯನ ಒಂದು ಮಾತಿನ ಮೇಲೆ ಎಂದು ಗೊತ್ತಿತ್ತು. "ಆಗ್ತಿಲ್ಲೆ" ಎಂದಳು.

"ಏನೆಂದಿರಿ?"

"ಕಲೀತೆ ಹೇಳಿ ಬಂದವ್ರಿಗೆ ಇಲ್ಲೆ ಹೇಳಲೆ ಯಂಗೆ ಬತ್ತಿಲ್ಲೆ."

ತಮ್ಮ ಮನೆಯ ಮಾತಿನಲ್ಲೇ ತಮಗೆ ಇಲ್ಲ ಅನ್ನಿಸಿಕೊಂಡದ್ದು ಹೆಗಡೆಯವರಿಗೆ ಹೆಚ್ಚು ಚುಚ್ಚಿತೋ ಏನೋ. "ಹಾಗಾದರೆ ತಿಂಗಳ ಕೊನೆಗೆ ಕೋಣೆ ಬಿಡಿ" ಎಂದು ಎದ್ದು ಒಳಗೆ ಹೋದರು.

ಹಳದೀಪುರದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಹಿಂದೆ ವಿನಿಫ್ರೆಡ್‌ಗೆ ಒಂದು ಕೋಣೆ ಸಿಕ್ಕಿತು. ಅಂಗಡಿಯ ಕೊಂಕಣಿ ಹೆಂಗಸು ಅಡುಗೆಗೆ ಬೇರೆ ಒಲೆ ಕೊಟ್ಟಳು. ಬಳಿಯುವ ಕೆಲಸ ಅಲ್ಲಿ ಇರಲಿಲ್ಲ, ಸಿಮೆಂಟಿನ ನೆಲ. ಬೆಳಿಗ್ಗೆ ಒಂದೂವರೆ ಮೈಲಿ ನಡೆದು ಶಾಲೆಗೆ ಬರುವಾಗ ಪಾಠ ಇನ್ನು ಮುಗಿದ ಹಾಗೇ ಎಂದು ಅವಳು ಅಂದುಕೊಂಡಿದ್ದಳು.

ಫೆಬ್ರವರಿಯ ಮೊದಲ ಸೋಮವಾರ ಎಂಟನೇ ಇಯತ್ತೆಯ ಬಾಗಿಲಲ್ಲಿ ಮಹಾಲಕ್ಷ್ಮಕ್ಕ ನಿಂತಿದ್ದಳು. ಒಂಬತ್ತು ಗಜದ ಸೀರೆ, ಮುಡಿಯಲ್ಲಿ ಅಬ್ಬಲಿಗೆ, ಬಗಲಲ್ಲಿ ಪಾಟಿ. ಮಕ್ಕಳೆಲ್ಲ ಎದ್ದು ನಿಂತರು.

"ಕೂರಿ, ಕೂರಿ" ಎಂದು ಅವಳು ನೇರ ಹಿಂದಿನ ಬೆಂಚಿಗೆ ಹೋದಳು. ಅಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪದ ಬಂಗಾರಿ ಒಬ್ಬಳೇ ಕೂತಿದ್ದಳು. ಹುಡುಗಿ ಹೆದರಿ ಬೆಂಚಿನ ತುದಿಗೆ ಸರಿದಳು.

"ಎಲ್ಲಿಗೆ ಹೋಗ್ತೆ? ಬಿದ್ದುಹೋಗ್ತೆ. ಹತ್ರ ಬಾ. ಮನೆಗೆ ಹೋಗಿ ಹೇಂಗೂ ಮೀಯೂದು ಇದ್ದು."

ಬಂಗಾರಿ ಸ್ವಲ್ಪ ಹತ್ತಿರ ಬಂದಳು, ಪೂರಾ ಬರಲಿಲ್ಲ. ವಿನಿಫ್ರೆಡ್‌ಗೆ ಆ ಮಾತು ಕಿವಿಗೆ ಒರಟಾಗಿ ತಾಗಿತು. ಆದರೂ ವಾರ ಕಳೆಯುವುದರೊಳಗೆ ಅದೇ ಬಂಗಾರಿ ಮಹಾಲಕ್ಷ್ಮಕ್ಕನ ಕೈ ಹಿಡಿದು ಡಬ್ಲ್ಯು ತಿದ್ದಿಸುತ್ತಿದ್ದುದನ್ನೂ ಅವಳೇ ನೋಡಿದಳು.

ಹೆಡ್‌ಮಾಸ್ತರರು ವರಾಂಡದಲ್ಲಿ ಹಿಂದೆ ಮುಂದೆ ಓಡಾಡಿದರು. "ಅಧ್ಯಕ್ಷರ ಹೆಂಡತಿಯನ್ನು ಹೊರಗೆ ಕಳಿಸಿದರೆ ಅಧ್ಯಕ್ಷರಿಗೆ ಅವಮಾನ. ಒಳಗೆ ಕೂರಿಸಿದರೂ ಅವರಿಗೆ ಅವಮಾನ. ನಾನು ಏನು ಮಾಡಲಿ ಅಕ್ಕೋರೆ?"

"ನಿಂಗ ನೋಡಿದ್ದೇ ಇಲ್ಲೆ ಹೇಳಿ ಮಾಡಿ" ಎಂದಳು ವಿನಿಫ್ರೆಡ್. ಹೆಡ್‌ಮಾಸ್ತರರು ಹಾಗೆಯೇ ಮಾಡಿದರು.

ಮನೆಯಲ್ಲಿ ಆ ಸೋಮವಾರ ಹೆಗಡೆಯವರು ಊಟಕ್ಕೆ ಏಳಲಿಲ್ಲವಂತೆ. "ಊರಿನ ಮುಂದೆ ಯನ್ನ ಮರ್ಯಾದೆ ತೆಗೆದೆ. ನಾಳೆ ಅಡಿಗೆ ಯಾರು ಮಾಡೂದು, ಆ ಬಿಳಿ ಹೆಂಗಸಾ?" ಎಂದರಂತೆ. ಅತ್ತೆ ಉತ್ತರ ಕೊಡುವ ಮೊದಲೇ ಎಂದೂ ಮಾವನೆದುರು ಬಾಯಿ ತೆರೆಯದ ಶ್ರೀಮತಿ, "ನಾ ಮಾಡ್ತೆ. ಅತ್ತೆ ಶಾಲೆಗೆ ಹೋಗ್ಲಿ" ಅಂದಳಂತೆ. ಮೂರನೇ ದಿನ ಹೆಗಡೆಯವರು ಸೊಸೆ ಬಡಿಸಿದ್ದನ್ನೇ ಉಂಡರಂತೆ. ಇದನ್ನೆಲ್ಲ ಮಹಾಲಕ್ಷ್ಮಕ್ಕ ಶಾಲೆಯ ಮಾವಿನ ಮರದ ಕೆಳಗೆ ವಿನಿಫ್ರೆಡ್‌ಗೆ ಹೇಳಿದಳು. ಹೇಳುವಾಗ ಅವಳ ಸ್ವರ ಗಟ್ಟಿಯಾಗಿಯೇ ಇತ್ತು. "ಮೂವತ್ತೆರಡು ವರ್ಷದಲ್ಲಿ ಅವು ಉಣ್ಣದೆ ನಾ ಉಂಡದ್ದಿಲ್ಲೆ, ವೇಣಿ. ಸೋಮವಾರ ಉಂಡೆ."

ಮಾರ್ಚ್‌ನ ಎರಡನೇ ಶನಿವಾರ ಅವಳು ಪಾಠ ಮುಗಿದ ಮೇಲೆ ಬಂದು, "ನಾಳೆ ಮಧ್ಯಾಹ್ನ ಮನೆಗೆ ಬಾ" ಎಂದಷ್ಟೇ ಹೇಳಿದಳು.

ವಿನಿಫ್ರೆಡ್ ಹೋದಾಗ ಜಗುಲಿಯಲ್ಲಿ ಚಾಪೆ ಹಾಸಿತ್ತು. ಹೆಗಡೆಯವರು ಕಂಬಕ್ಕೊರಗಿ ಕೂತಿದ್ದರು, ನಾಗಪತಿ ಮೆಟ್ಟಿಲ ಮೇಲೆ, ಶ್ರೀಮತಿ ಬಾಗಿಲಲ್ಲಿ. ಅಕ್ಕೋರಿಗೆ ಯಾರೂ ಕೂರಿ ಎನ್ನಲಿಲ್ಲ. ಅವಳು ಅಂಗಳದ ಅಂಚಿನಲ್ಲೇ ನಿಂತಳು. ಮಹಾಲಕ್ಷ್ಮಕ್ಕ ಕನ್ನಡಕ ಏರಿಸಿ, ಕಾಗದ ಬಿಡಿಸಿ, ಬೆರಳಿಟ್ಟು ಓದತೊಡಗಿದಳು.

ಮೊದಲ ಹಾಳೆಗೆ ಕಾಲು ಗಂಟೆ ಹಿಡಿಯಿತು. ಬಿಸಿಲು ಮೆಟ್ಟಿಲಿನಿಂದ ನಾಗಪತಿಯ ಕಾಲಿಗೆ ಬಂದಿತ್ತು. ಎರಡನೇ ಹಾಳೆಯಲ್ಲಿ ಅವಳು, "ದ ಲೋವರ್ ಗಾರ್ಡನ್" ಎಂದು ಓದಿ ತಲೆಯಾಡಿಸಿದಳು. "ದ ಅಪ್ಪರ್ ಗಾರ್ಡನ್." ಬೆರಳು ನಿಂತಿತು. ಗಂಡನತ್ತ ನೋಡಿ ಮತ್ತೆ ಓದಿದಳು. "ಟುಗೆದರ್ ವಿತ್ ದ ಡ್... ಡ್ವೆ..."

ಸಾಲು ಅಲ್ಲಿ ಕಟ್ಟಿಕೊಂಡಿತು. ವಿನಿಫ್ರೆಡ್‌ಳ ನಾಲಗೆಯ ತುದಿಯವರೆಗೆ ಆ ಶಬ್ದ ಬಂದಿತ್ತು. ಅವಳು ಹಲ್ಲು ಕಚ್ಚಿ ನಿಂತಳು.

"ಸಾಕು ಮಾಡು. ಬತ್ತಿಲ್ಲೆ ಅಂದ್ರೆ ಬತ್ತಿಲ್ಲೆ" ಎಂದರು ಹೆಗಡೆಯವರು.

ಮಹಾಲಕ್ಷ್ಮಕ್ಕ ಅಕ್ಷರ ಅಕ್ಷರ ಬಿಡಿಸಿದಳು. "ಡ್ವೆ. ಲ್ಲಿಂಗ್. ಡ್ವೆಲ್ಲಿಂಗ್ ಹೌಸ್." ಕನ್ನಡಕ ತೆಗೆದಳು. "ಹೌಸ್ ಹೇಳಿರೆ ಎಂತ ಮಾಣಿ?"

ನಾಗಪತಿ ಬಿಸಿಲಿನಿಂದ ಕಾಲು ಹಿಂದಕ್ಕೆಳೆದುಕೊಂಡ.

"ಎಂಟನೇ ಇಯತ್ತೆಯ ಬಂಗಾರಿಗೆ ಗೊತ್ತಿದ್ದು. ಮೆಟ್ರಿಕ್ ಪಾಸಾದ ನಿಂಗೆ ಗೊತ್ತಿಲ್ಲೆ?"

"ಚಿಕ್ಕಿ ಇಲ್ಲಿ ಬಂದು ಇರ್ಲಿ" ಎಂದರು ಹೆಗಡೆಯವರು. "ಬೀದಿಗೆ ಹಾಕ್ತ್ವಿ ಹೇಳಿದ್ವ? ಆ ಮನೆ ಇಟ್ಕಂಡು ಎಂತ ಮಾಡೂದು?"

"ಚಿಕ್ಕಿ ಹತ್ರ ಕೇಳಿದ್ರಾ?"

"ಅದಕ್ಕೆ ಎಂತ ಕೇಳೂದು."

"ಯನ್ನ ಹತ್ರ ಕೇಳಿದ್ರಾ?"

ಹೆಗಡೆಯವರು ಕಂಬ ಬಿಟ್ಟು ನೆಟ್ಟಗೆ ಕೂತರು. "ಗಿರಣಿ ಆಗವು ಅಂದ್ರೆ ಎಲ್ಲ ಮಾರವು. ನಿಂಗೆ ಹೇಳಿರೆ ನೀ ಒಪ್ಪುತಿದ್ದಿಲ್ಲೆ. ಮನೆ ಒಳ್ಳೇದಕ್ಕೇ ಮಾಡಿದ್ದು."

"ಒಪ್ಪುತಿದ್ದಿಲ್ಲೆ. ಅದಕ್ಕೇ ಇಂಗ್ಲಿಷಲ್ಲಿ ಬರೆಸಿದ್ರಿ." ಅವಳು ಕಾಗದವನ್ನು ಹರಿಯಲಿಲ್ಲ, ಎಸೆಯಲಿಲ್ಲ. ಮಡಚಿ ಗಂಡನ ಮುಂದಿಟ್ಟಳು. "ಕೆಳಗಿನ ತೋಟ ಕೊಡ್ತೆ ಹೇಳಿದ್ದೆ, ಈಗಲೂ ಕೊಡ್ತೆ. ಬೇರೆ ಕಾಗದ ಬರೆಸಿ. ಅದನ್ನೂ ಓದ್ತೆ. ನಾಳೆ ಬೆಳಿಗ್ಗೆ ನಾ ಕಾಯ್ಕಿಣಿಗೆ ಹೋಗ್ತೆ. ಚಿಕ್ಕಿಗೆ ಈ ಸುದ್ದಿ ನಾನೇ ಹೇಳವು."

"ಹೋದ್ರೆ ತಿರುಗಿ ಬರಡ" ಎಂದು ಹೆಗಡೆಯವರು ಗದರಿಸಿದರು.

"ಕರೆದ್ರೆ ಬತ್ತೆ. ಕರೀದಿದ್ರೆ ಯಂಗೆ ಮನೆ ಇದ್ದು. ಈಗಷ್ಟೇ ಓದಿದ್ದಲ್ದಾ."

ಮರುದಿನ ಹೊನ್ನಾವರದಲ್ಲಿ ಶರಾವತಿಯ ತಾರಿ ದೋಣಿ ಹತ್ತುವವರೆಗೂ ವಿನಿಫ್ರೆಡ್ ಶಾಲೆಗೆ ರಜೆ ಹಾಕಿ ಅವಳ ಜೊತೆ ಹೋದಳು. ದೋಣಿಯ ತುಂಬ ಮೀನಬುಟ್ಟಿಯ ಹೆಂಗಸರು, ಭಟ್ಕಳದ ವ್ಯಾಪಾರಿಗಳು, ಅವರ ನವಾಯತಿ ಮಾತು. ಟ್ರಂಕಿನ ಮೇಲೆ ಕೂತ ಮಹಾಲಕ್ಷ್ಮಕ್ಕ ಆಚೆ ದಡವನ್ನೇ ನೋಡುತ್ತಿದ್ದಳು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಅವಳು ಅಳುತ್ತಿರಬಹುದು ಎಂದು ವಿನಿಫ್ರೆಡ್‌ಗೆ ಅನ್ನಿಸಿತು. ದಡದಿಂದ ಅದು ಗೊತ್ತಾಗುವಂತಿರಲಿಲ್ಲ.

ಏಪ್ರಿಲ್‌ನಲ್ಲಿ ಕಮಿಟಿ ಕೂತು, ಅಕ್ಕೋರ ಸೇವೆ ಮುಂದಿನ ವರ್ಷಕ್ಕೆ ಬೇಡವೆಂದು ತೀರ್ಮಾನಿಸಿತು. ಹೆಡ್‌ಮಾಸ್ತರರು ಆ ಪತ್ರವನ್ನು ಕೊಡುವಾಗ ತಲೆ ಕೆಳಗೆ ಹಾಕಿದ್ದರು. ವಿನಿಫ್ರೆಡ್‌ಳ ಅಣ್ಣ ಊರಿಗೆ ಬಂದುಬಿಡು ಎಂದು ಬರೆದ. ಅವಳು ಅಣ್ಣನಿಗೆ ಉತ್ತರಿಸುವ ಮೊದಲು ಭಟ್ಕಳದ ಒಂದು ಶಾಲೆಗೆ ಅರ್ಜಿ ಹಾಕಿದಳು. ಜೂನಿನಿಂದ ಬನ್ನಿ ಎಂದು ಅಲ್ಲಿಂದ ಪತ್ರ ಬಂತು. ಇರುವುದೆಲ್ಲಿ ಎಂದು ಹುಡುಕುವ ಕೆಲಸವಿರಲಿಲ್ಲ. ಕಾಯ್ಕಿಣಿಯ ಮನೆಯ ಪಡಸಾಲೆಯ ಕೋಣೆಯನ್ನು ಮಹಾಲಕ್ಷ್ಮಕ್ಕ ಆಗಲೇ ಗುಡಿಸಿಟ್ಟಿದ್ದಳು. ಅಲ್ಲಿಗೆ ಹೋದ ಮೊದಲ ದಿನ ಉಂಡ ಜಾಗ ಬಳಿಯಲು ವಿನಿಫ್ರೆಡ್ ಬಗ್ಗಿದಾಗ ವನಮಾಲಾ ಚಿಕ್ಕಿ, "ಬಿಡು ಕೂಸೆ, ಇಲ್ಲಿ ಎಲ್ಲರ ಜಾಗನೂ ನಾನೇ ಬಳಿಯೂದು. ನಿಂಗೆ ಬೇರೆ ಎಂತ" ಎಂದಳು.

ಮೇ ತಿಂಗಳ ಕೊನೆಯ ಭಾನುವಾರ, ಹಪ್ಪಳ ಒಣಹಾಕಿದ ಅಂಗಳಕ್ಕೆ ನಾಗಪತಿ ಬಂದ. ಬೆವತಿದ್ದ. ತಾಯಿ ಕೊಟ್ಟ ಬೆಲ್ಲ ನೀರು ಕುಡಿದು, ಚೀಲದಿಂದ ಹೊಸ ಕಾಗದ ತೆಗೆದ.

"ಅಪ್ಪಯ್ಯ ಹೇಂಗಿದ್ದ?" ಎಂದು ತಾಯಿ ಕೇಳಿದಳು.

"ಅಡ್ಡಿಲ್ಲೆ. ಮಾತು ಕಡಿಮೆ. ಆಯಿ ಯಾವಾಗ ಬತ್ತು ಹೇಳಿ ಯನ್ನ ಕೇಳ್ತಿಲ್ಲೆ, ಶ್ರೀಮತಿ ಹತ್ರ ಕೇಳ್ತ." ಅವನು ಖಾಲಿ ಲೋಟ ಬದಿಗೆ ಸರಿಸಿದ. "ಸರಿಯಾದ ಕಾಗದ ಒಯ್ಯದಿದ್ರೆ ಊಟಕ್ಕೆ ಕರೀತಿಲ್ಲೆ ಹೇಳಿ ಶ್ರೀಮತಿಯೂ ಹೇಳಿದ್ದು."

ಮಹಾಲಕ್ಷ್ಮಕ್ಕ ಕನ್ನಡಕ ಹಾಕಿಕೊಂಡಳು. ಈ ಸಲ ಕಾಲು ಗಂಟೆ ಬೇಕಾಗಲಿಲ್ಲ. ಕೆಳಗಿನ ತೋಟ ಮಾತ್ರ ಇತ್ತು. ನಾಲ್ಕನೇ ಸಾಲಿನಲ್ಲಿ ಅವಳ ಬೆರಳು ನಿಂತಿತು.

"ವಿತ್ ದ ವೆಲ್. ಬಾವಿ ಎಂತಕ್ಕೆ ಬಂತು? ಈ ಮನೆಗೆ ನೀರು ಅದರದ್ದೇ."

ನಾಗಪತಿ ಬಗ್ಗಿ ನೋಡಿದ. ಕಿವಿ ಕೆಂಪಾಯಿತು. "ಯಂಗೆ ಗೊತ್ತಿತ್ತಿಲ್ಲೆ ಆಯಿ. ದೇವರಾಣೆ. ಟೈಪು ಮಾಡೋನು ಹಳೇ ಕಾಗದ ನೋಡಿ ಹೊಡೆದಿಕ್ಕು."

"ನೀ ಓದಿದ್ದಿಲ್ಲೆ?"

"ಇಲ್ಲೆ."

ತಾಯಿ ಅವನ ಅಂಗಿಯ ಜೇಬಿನಿಂದ ಪೆನ್ನು ತೆಗೆದು ಅವನ ಕೈಗೇ ಕೊಟ್ಟಳು. "ಬಾವಿ ಹೊಡೆದು ಹಾಕು. ಬದಿಗೆ ನಿನ್ನ ಸಹಿ ಹಾಕು. ಈಗ ಮೊದಲಿಂದ ಓದು. ದೊಡ್ಡಕೆ ಓದು, ಚಿಕ್ಕಿಗೂ ಕೇಳವು."

ನಾಗಪತಿ ಸಹಾಯಕ್ಕೆಂಬಂತೆ ವಿನಿಫ್ರೆಡ್‌ಳತ್ತ ನೋಡಿದ. ಅವಳು ಹಪ್ಪಳ ಮಗುಚುವುದರಲ್ಲಿದ್ದಳು. ಅವನು ಓದತೊಡಗಿದ. ಎರಡು ಕಡೆ ತಪ್ಪಿದ, ಎರಡು ಕಡೆಯೂ ತಾಯಿ ತಿದ್ದಿದಳು. ಒಳಗಿನಿಂದ ಚಿಕ್ಕಿ ಅನ್ನ ಆರುತ್ತಿದೆ ಎಂದು ಕೂಗಿದಳು. ಯಾರೂ ಏಳಲಿಲ್ಲ. ಕೊನೆಯ ಸಾಲು ಮುಗಿದ ಮೇಲೆ ಮಹಾಲಕ್ಷ್ಮಕ್ಕ ಹಾಳೆಯನ್ನು ಮಣೆಯ ಮೇಲಿಟ್ಟು, ದುಂಡು ಕನ್ನಡ ಅಕ್ಷರದಲ್ಲಿ ನಿಧಾನವಾಗಿ ತನ್ನ ಹೆಸರು ಬರೆದಳು.

ನಾಗಪತಿ ಕಾಗದಕ್ಕೆ ಕೈ ಚಾಚಿದ. ಅವಳು ಅದರ ಮೇಲಿನಿಂದ ತನ್ನ ಕೈ ತೆಗೆಯಲಿಲ್ಲ.

"ತಡಿ, ಶಾಯಿ ಒಣಗಲಿ. ಹಿಂದೆ ಸಹಿ ಹಾಕಿದ ಮೂರು ಕಾಗದನೂ ಬರೂ ಭಾನುವಾರ ತಗಂಡು ಬಾ. ಅದನ್ನೂ ಓದೂದಿದ್ದು."